ಆ ಹಳದಿ ಸುತ್ತನ್ನು ಅಳಿಸಿದವರು ಯಾರು?

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ನಾನು ಬರಬೇಕಾಗಿತ್ತು, ಬಂದಿಲ್ಲ. ನನ್ನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ. ನಿಮ್ಮದೇ ವೈದ್ಯೆ ಅದನ್ನು ಮುಟ್ಟಿ ನೋಡಿ, ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ, ಚಿತ್ರ ತೆಗೆಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟು ತಿಂಗಳಾಗುತ್ತ ಬಂತು. ನಾನು ಹೇಡಿಯಲ್ಲ. ತಡಮಾಡಿದರೆ ಏನಾಗುತ್ತದೆ ಎಂಬುದು ನಿಮ್ಮ ಕಾರಿಡಾರಿನ ಗೋಡೆಯ ಮೇಲಿನ ಬಣ್ಣಬಣ್ಣದ ಭಿತ್ತಿಪತ್ರಗಳನ್ನು ಓದಿ ಓದಿ ನನಗೆ ಬಾಯಿಪಾಠವಾಗಿದೆ. ಆದರೂ ಬಂದಿಲ್ಲ. ಏಕೆಂದರೆ ನಿಮ್ಮ ಯಂತ್ರ ನನ್ನ ಗಂಡನ ಎದೆಯ ಚಿತ್ರದ ಮೇಲೆ ಒಂದು ಹಳದಿ ಸುತ್ತು ಹಾಕಿತು. ನಿಮ್ಮವರು ಅದನ್ನು ಅಳಿಸಿದರು. ಯಾರು ನೋಡಿ, ಏನು ಕಂಡು ಅಳಿಸಿದರು ಎಂದು ಕೇಳಿದರೆ, ಒಂದು ವರ್ಷವಾದರೂ ಅಷ್ಟು ದೊಡ್ಡ ಕಟ್ಟಡದಲ್ಲಿ ಉತ್ತರ ಹೇಳುವ ಒಂದು ಬಾಯಿ ನಮಗೆ ಸಿಕ್ಕಿಲ್ಲ.

ಇದನ್ನು ನಿಮಗೇ ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದಿತ್ತಲ್ಲ, ಊರಿಗೆಲ್ಲ ಕೇಳುವಂತೆ ಏಕೆ ಬರೆದಿರಿ ಎನ್ನುತ್ತೀರೇನೋ. ಕಳಿಸಿದ್ದೆವು ಸ್ವಾಮಿ, ಒಂದಲ್ಲ, ಹಲವು ಸಲ. ನಿಮ್ಮ ಕಚೇರಿಯಿಂದ ಬಂದ ಏಕೈಕ ಪ್ರತ್ಯುತ್ತರ ಒಂದು ಮೊಬೈಲ್ ಸಂದೇಶ: 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.' ಅದರ ಕೆಳಗೆ ಐದು ನಕ್ಷತ್ರಗಳು. ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆ. ನನ್ನ ಗಂಡ ಅದನ್ನು ಬಹಳ ಹೊತ್ತು ನೋಡಿ, ಮೊಬೈಲನ್ನು ಮಗುಚಿ ಇಟ್ಟರು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾವು ಯಂತ್ರದ್ವೇಷಿಗಳಲ್ಲ. ನಾವಿಬ್ಬರೂ ದರ್ಜಿಗಳು. ಅವರು ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಬೀದಿಯವರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುವುದು. ನಾನು ಮಾಸ್ಟರ್ ಹೆಂಡತಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೆ ಮೋಟಾರು ಬಂದಾಗ ನನ್ನ ಮಂಡಿನೋವು ಅರ್ಧ ಇಳಿಯಿತು, ಆ ಮೋಟಾರು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ. ನಮ್ಮ ಪಕ್ಕದ ಬೀದಿಯ ಪೇಪರ್ ಹಾಕುವ ಹೆಂಗಸಿಗೆ ಇದೇ ನಿಮ್ಮ ಯಂತ್ರ, ವೈದ್ಯರ ಕಣ್ಣಿಗೆ ತಪ್ಪಿದ್ದ ಒಂದು ಸಣ್ಣ ಚುಕ್ಕೆಯನ್ನು ತೋರಿಸಿಕೊಟ್ಟಿತಂತೆ. ಇವತ್ತಿಗೂ ಆಕೆ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೋಗುತ್ತಾಳೆ. ಆದ್ದರಿಂದ ನನ್ನ ತಕರಾರು ಯಂತ್ರ ನೋಡಬಾರದೆಂದಲ್ಲ. ಯಂತ್ರ ನೋಡಿದ ಮೇಲೆ ನೀವು ನೋಡುವುದನ್ನು ಬಿಟ್ಟಿರೋ, ನೋಡಿದಿರೋ, ಅದನ್ನು ಹೇಳಿ ಎಂಬುದಷ್ಟೇ.

ಈಗ ನಮ್ಮ ಅಂಗಡಿಯ ಒಂದು ಕಟ್ಟಳೆಯನ್ನು ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಬಟ್ಟೆಯ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದಾಗ, ಎಳೆ ತಪ್ಪಿದ್ದರೆ, ಕಲೆಯಿದ್ದರೆ, ಯಾರ ಕಣ್ಣಿಗೆ ಮೊದಲು ಬೀಳುತ್ತದೆಯೋ ಅವರು ಚಾಕ್‌ಪೀಸಿನಿಂದ ಅದರ ಸುತ್ತ ಗೆರೆ ಎಳೆಯಬೇಕು. ಎಳೆದವರೇ ಅಳಿಸಬೇಕು. ಬೇರೆಯವರು ಅಳಿಸುವಂತಿಲ್ಲ. ಯಾರೋ ಗಿರಾಕಿಯ ಮದುವೆ ಕೋಟಿನ ಬಟ್ಟೆಯಲ್ಲಿ ನಾನು ಹಾಕಿದ್ದ ಗುರುತನ್ನು ಹಿಂದೊಮ್ಮೆ ಕೆಲಸಕ್ಕಿದ್ದವನು ಧೂಳೆಂದು ಒರೆಸಿಬಿಟ್ಟ, ಕತ್ತರಿ ನೇರ ಆ ದೋಷದ ಮೇಲೇ ಹಾದು ಕೋಟಿನ ಮುಂಭಾಗ ಹಾಳಾಯಿತು, ಅಂದಿನಿಂದ ಈ ಕಟ್ಟಳೆ. ಇದೇನು ಮಹಾ ಜ್ಞಾನವಲ್ಲ, ಪೆಟ್ಟು ತಿಂದು ಕಲಿತ ಅಭ್ಯಾಸ. ಆದರೆ ಜೀವನಪೂರ್ತಿ ಈ ಅಭ್ಯಾಸದಲ್ಲಿ ಬಾಳಿದ ಮನುಷ್ಯನಿಗೆ, ಕಾರಣವಿಲ್ಲದೆ ಒಂದು ಗುರುತು ಬೀಳುತ್ತದೆ, ಕಾರಣವಿಲ್ಲದೆ ಹೋಗುತ್ತದೆ ಎಂದರೆ ತಲೆಗೆ ಹತ್ತುವುದಾದರೂ ಹೇಗೆ? ನಮ್ಮ ಮನೆಯ ಕಷ್ಟ ಶುರುವಾದದ್ದು ಇಲ್ಲಿಂದಲೇ.

ಕೆಮ್ಮು ಬಿಡಲೊಲ್ಲದು ಎಂದು ಅವರು ನಿಮ್ಮಲ್ಲಿಗೆ ಬಂದದ್ದು ಕಳೆದ ವರ್ಷ. ಬಟ್ಟೆಯ ನವಿರು ಧೂಳು ಕುಡಿದ ಎದೆ, ಕೆಮ್ಮು ಬಂದರೆ ಆಶ್ಚರ್ಯವಿಲ್ಲ. ಎಕ್ಸ್-ರೇ ತೆಗೆಸಲು ಒಳಗೆ ಕರೆದರು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಮುಂದಿನದು ಅವರು ಹೇಳಿದ್ದು. ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತರು, ಉಸಿರು ಹಿಡಿದರು, ಬಿಟ್ಟರು. ಅಂಗಿ ತೊಡುತ್ತಿರುವಾಗ ಅರ್ಧ ತೆರೆದ ಬಾಗಿಲಿನಾಚೆ ಪರದೆ ಕಾಣಿಸಿತು. ಅದರಲ್ಲಿ ಅವರದೇ ಪಕ್ಕೆಲುಬುಗಳು. ಬಲಗಡೆ, ಕಂಕುಳಿನಿಂದ ಸ್ವಲ್ಪ ಕೆಳಗೆ, ಒಂದು ಹಳದಿ ಸುತ್ತು. ನೋಡನೋಡುತ್ತಿದ್ದಂತೆ ತಂತ್ರಜ್ಞ ಒಂದು ಗುಂಡಿ ಒತ್ತಿದ. ಸುತ್ತು ಮಾಯವಾಯಿತು.

"ಅದೇನಪ್ಪಾ ಅದು, ಹಳದೀದು?"

"ಏನಿಲ್ಲ ಯಜಮಾನ್ರೇ, ಮಷೀನು ಹಾಕೋದು ಅದು. ನೆರಳು ಕಂಡ್ರೂ ಸುತ್ತು ಹಾಕುತ್ತೆ."

"ಯಾತರ ನೆರಳು?"

"ಅದೆಲ್ಲ ಡಾಕ್ಟ್ರು ನೋಡ್ತಾರೆ. ಗುಂಡಿ ಹಾಕ್ಕೊಳ್ಳಿ, ಹೊರಗೆ ಜನ ಇದ್ದಾರೆ."

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹೊರಗೆ ನಿಜವಾಗಿಯೂ ಜನ ಇದ್ದರು, ನಾನೇ ನೋಡಿದ್ದೇನೆ. ಮಾರನೆಯ ದಿನ ವರದಿ ಬಂತು: 'ಗಮನಾರ್ಹ ದೋಷ ಕಂಡುಬಂದಿಲ್ಲ.' ಎಂಥ ಸೊಗಸಾದ ವಾಕ್ಯ. ಯಾರಿಗೆ ಕಂಡುಬಂದಿಲ್ಲ? ಕಂಡವರು ಒಬ್ಬರು, ಕಾಣದವರು ಇನ್ನೊಬ್ಬರು ಇದ್ದರೆ, ಕಾಣದವರ ಮಾತನ್ನು ಮಾತ್ರ ಬರೆಯುವುದು ಯಾವ ನ್ಯಾಯ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಗಾಡಿಯಲ್ಲಿ ಕೂತವನಿಗೆ ಮಾತ್ರ ಯಾರೂ ಸುದ್ದಿ ಹೇಳಲಿಲ್ಲ.

ಅಲ್ಲಿಂದ ಮುಂದೆ ನಾವು ನಿಮ್ಮ ಕಟ್ಟಡದ ಒಂದೊಂದು ಕಿಟಕಿಯ ಮುಂದೆಯೂ ನಿಂತೆವು. ಎದೆರೋಗದ ವೈದ್ಯರು ಒಳ್ಳೆಯವರು, ಕಂಪ್ಯೂಟರಿನಲ್ಲಿ ಚಿತ್ರ ತೆಗೆದು ನಮ್ಮ ಕಡೆ ತಿರುಗಿಸಿಯೇ ತೋರಿಸಿದರು. ಅಲ್ಲಿ ಸುತ್ತು ಇರಲಿಲ್ಲ. "ನೋಡಿ, ಏನೂ ಇಲ್ವಲ್ಲ" ಎಂದರು. "ಇತ್ತು ಸರ್" ಎಂದರು ನಮ್ಮವರು. ಆ ವೈದ್ಯರು ಅವರನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಅದರಲ್ಲಿ ಕರುಣೆಯಿತ್ತು, ನಂಬಿಕೆ ಇರಲಿಲ್ಲ. ಚಿತ್ರದ ವಿಭಾಗದಲ್ಲಿ ಕೇಳಿದರೆ, ವೈದ್ಯರು ಒಪ್ಪದ ಗುರುತು ಉಳಿಯುವುದಿಲ್ಲ ಎಂದರು. ಒಪ್ಪದ ವೈದ್ಯರು ಯಾರೆಂದು ಕೇಳಿದರೆ, ಚಿತ್ರ ಓದುವವರು ಈ ಕಟ್ಟಡದಲ್ಲಿ ಕೂರುವುದಿಲ್ಲ, ಚಿತ್ರಗಳು ಬೇರೆ ಊರಿಗೆ ಹೋಗುತ್ತವೆ ಎಂದರು. ಅವರು ನಿಜವಾಗಿ ನೋಡಿಯೇ ತಳ್ಳಿಹಾಕಿದರೇ, ಇಲ್ಲ ಈ ಗುಂಡಿ ಒತ್ತಿದ್ದಕ್ಕೇ ಹೋಯಿತೇ ಎಂದು ಕೇಳಿದರೆ, ರೋಗಿಗಳಿಗೆ ಯಂತ್ರದ ಅಭಿಪ್ರಾಯ ತಿಳಿಸುವ ಪದ್ಧತಿ ಇಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ ಎಂದು ಉತ್ತರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಮ್ಮ ಮುಂಬಾಗಿಲಲ್ಲಿ 'ಕೃತಕ ಬುದ್ಧಿಮತ್ತೆಯಿಂದ ದೋಷರಹಿತ ತಪಾಸಣೆ' ಎಂದು ಬ್ಯಾನರ್ ಕಟ್ಟುವಾಗ ಆ ಅಭಿಪ್ರಾಯದ ಬಗ್ಗೆ ನಿಮಗೆ ಅಷ್ಟು ಹೆಮ್ಮೆ. ರೋಗಿ ಬಂದು ಅದೇನು ಹೇಳಿತು ಎಂದು ಕೇಳಿದೊಡನೆ ಅದು ಮನೆಯ ಮಾನ ಕಳೆಯುವ ಮಾತಾಗಿಬಿಡುತ್ತದೆ.

ಬೆಂಚಿನಲ್ಲಿ ಕಾಯುವವರು ನಿಮ್ಮ ಯಂತ್ರದ ಬಗ್ಗೆ ಏನು ಮಾತಾಡುತ್ತಾರೆ ಎಂದು ನಿಮಗೆ ಗೊತ್ತೇ? ಐದು ನಕ್ಷತ್ರದ ಸಮೀಕ್ಷೆಯಲ್ಲಿ ಅದು ಬರುವುದಿಲ್ಲ. ಒಬ್ಬ ಮುದುಕಿ ನನ್ನ ಪಕ್ಕ ಕೂತು, "ಮಷೀನೇ ಒಳ್ಳೇದು ಕಣಮ್ಮ, ಅದಕ್ಕೆ ನಾಚಿಕೆ ಇಲ್ಲ, ನಮಗೂ ನಾಚಿಕೆ ಆಗಲ್ಲ" ಎಂದಳು. ನಾವಿಬ್ಬರೂ ನಕ್ಕೆವು. ಎದುರಿಗಿದ್ದ ಒಬ್ಬರು ಶಾಲೆ ಮೇಷ್ಟ್ರು, ಯಂತ್ರಕ್ಕೆ ಸುಸ್ತಿಲ್ಲ, ನಿದ್ದೆಯಿಲ್ಲ, ಮನೆಯಲ್ಲಿ ಜಗಳವಾಡಿಕೊಂಡು ಬಂದಿರುವುದಿಲ್ಲ ಎಂದು ಪಾಠ ಮಾಡಿದರು. ಅದೂ ನಿಜವೇ. ಆಗ ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಒಬ್ಬ ಬಸ್ ಡ್ರೈವರು ಕೇಳಿದ, "ಎಲ್ಲಾ ಸರಿ ಸಾರ್, ತಪ್ಪು ಮಾಡ್ತು ಅಂದ್ಕೊಳ್ಳಿ, ಯಾರ ಕೊರಳಪಟ್ಟಿ ಹಿಡಿಯೋದು? ಅದಕ್ಕೆ ಕೊರಳೇ ಇಲ್ವಲ್ಲ." ಅಧೀಕ್ಷಕರೇ, ನಾವು ಯಾರ ಕೊರಳಪಟ್ಟಿಯನ್ನೂ ಹಿಡಿಯುವವರಲ್ಲ. ಆದರೆ ಹಿಡಿಯಬಹುದಾದ ಒಂದು ಕೊರಳು ಇದೆ ಎಂದು ಗೊತ್ತಿದ್ದರೆ ಮನುಷ್ಯನಿಗೆ ಧೈರ್ಯ ಬರುತ್ತದೆ.

ನನ್ನ ಗಂಡನಿಗೆ ಆ ಧೈರ್ಯ ಬರಲಿಲ್ಲ. ಕೆಮ್ಮು ಹೋಯಿತು, ಅದೊಂದು ವಿಚಿತ್ರ. ಔಷಧಿಗೆ ವಾರದಲ್ಲೇ ನಿಂತಿತು. ಸುತ್ತು ಮಾತ್ರ ಒಳಗೆ ಉಳಿಯಿತು. ಮಾತಾಡುತ್ತಾ ಇದ್ದಂತೆ ಅವರ ಎಡಗೈ ಬಲಪಕ್ಕೆಗೆ ಹೋಗುತ್ತದೆ. "ಒಂದೊಂದ್ಸಲ ಅಲ್ಲಿ ಬೆಚ್ಚಗಾಗುತ್ತೆ ಕಣೆ" ಎನ್ನುತ್ತಾರೆ. ಆ ಮಗ್ಗುಲಿಗೆ ತಿರುಗಿ ಮಲಗುವುದಿಲ್ಲ. ಕೋಟಿನಂಥ ನಿಧಾನದ ಕೆಲಸ ಒಪ್ಪಿಕೊಳ್ಳುವುದಿಲ್ಲ. ಮುಗಿಸಲಾಗದೆ ಹೋದರೆ ಗಿರಾಕಿಗೆ ತೊಂದರೆ ಎಂಬ ನೆಪ. ನನ್ನನ್ನು ಮೇಜಿನ ಬಳಿ ನಿಲ್ಲಿಸಿಕೊಂಡು ಕತ್ತರಿಸುವುದನ್ನು ಕಲಿಸತೊಡಗಿದರು. ಇಷ್ಟು ವರ್ಷ ನನ್ನ ಕೈಗೆ ತಮ್ಮ ಕತ್ತರಿ ಕೊಟ್ಟವರಲ್ಲ ಅವರು. "ಕಲಿತಿರು, ಒಳ್ಳೇದೇ" ಎಂದರು. ಅದರ ಅರ್ಥವಾಗದಷ್ಟು ದಡ್ಡಿ ನಾನಲ್ಲ.

ನನ್ನ ನಾದಿನಿ ಬಂದಾಗ ಬೈದಳು. "ಅಣ್ಣಾ, ನಾರ್ಮಲ್ ಅಂತ ಬರೆದು ಕೊಟ್ಟಿದ್ದಾರೆ, ಇನ್ನೇನು ಫ್ರೇಮು ಹಾಕಿಸಿ ಕೊಡಬೇಕಾ? ಅತ್ತಿಗೆ, ನೀವಾದ್ರೂ ಹೇಳಿ." ನಾನು ಏನು ಹೇಳಲಿ? ಅವಳ ಮಾತೇ ನಿಜವಿರಬಹುದು. ನಿಮ್ಮ ಕಾಣದ ಊರಿನ ಕಾಣದ ವೈದ್ಯರು ಚಿತ್ರವನ್ನು ಚೆನ್ನಾಗಿ ನೋಡಿ, ಇದು ಪಕ್ಕೆಲುಬಿನ ನೆರಳು ಎಂದು ತಿಳಿದೇ ತಳ್ಳಿಹಾಕಿರಬಹುದು. ಹಾಗೇ ಆಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಆದರೆ ಅದನ್ನು ಒಬ್ಬರು ಎದುರಿಗೆ ಕೂತು ಹೇಳಿದ್ದರೆ ನಮ್ಮ ಮನೆಗೆ ಒಂದು ವರ್ಷ ಉಳಿಯುತ್ತಿತ್ತು.

ಕೊನೆಗೆ ಹಟ ಹಿಡಿದು ಇನ್ನೊಂದು ಚಿತ್ರ ತೆಗೆಸಿದೆವು. ಈ ಸಲ ಅವರು ಅಂಗಿ ತೊಡುವ ನೆಪದಲ್ಲಿ ನಿಧಾನ ಮಾಡಿ, ಕಣ್ಣು ಕೀಳದೆ ಪರದೆ ನೋಡಿದ್ದಾರೆ. ಸುತ್ತು ಬೀಳಲಿಲ್ಲ. ಗುಂಡಿಯನ್ನೂ ಯಾರೂ ಒತ್ತಲಿಲ್ಲ. ಸಂತೋಷಪಡಬೇಕಾದ್ದು ತಾನೇ? ಈ ಬಾರಿ ಇದ್ದವಳು ಬೇರೆ ತಂತ್ರಜ್ಞೆ, ಮಾತಿನ ಹುಡುಗಿ. ಹೋದ ಸಲ ಇಲ್ಲಿ ಹಳದಿ ಸುತ್ತು ಬಿದ್ದಿತ್ತಮ್ಮ ಎಂದು ಇವರು ಹೇಳಿದರು.

"ಓ, ಅದಾ? ಹಳೇ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ್ದಾರೆ ಸರ್. ಹಳೇದು ಸುಮ್ಸುಮ್ನೆ ಗುರುತು ಹಾಕ್ತಿತ್ತಂತೆ. ಇದು ಹಾಗೆಲ್ಲ ಹಾಕಲ್ಲ."

"ಹಾಗಾದ್ರೆ ಆ ಸುತ್ತು ನನ್ನ ಎದೆಯಿಂದ ಹೋಯ್ತೋ, ಅದರ ತಲೆಯಿಂದ ಹೋಯ್ತೋ?"

ಹುಡುಗಿ ನಕ್ಕಳಂತೆ. ಆಮೇಲೆ ನಗು ನಿಲ್ಲಿಸಿ, "ಅದು ನಂಗೊತ್ತಿಲ್ಲ ಸರ್" ಎಂದಳಂತೆ. ನಿಮ್ಮ ಇಡೀ ಸಂಸ್ಥೆಯಲ್ಲಿ ನಮಗೆ ಸಿಕ್ಕ ಒಂದೇ ಒಂದು ಪ್ರಾಮಾಣಿಕ ಉತ್ತರ ಅದು. ದಯವಿಟ್ಟು ಅವಳಿಗೆ ತೊಂದರೆ ಕೊಡಬೇಡಿ.

ಅದೇ ಪ್ರಶ್ನೆಯನ್ನು ಈಗ ನಾನು ನಿಮಗೆ ಕೇಳುತ್ತೇನೆ. ಹಳೆಯದು ಸುಳ್ಳು ಗುರುತು ಹಾಕುತ್ತಿತ್ತು ಎಂದು ನಿಮಗೆ ಗೊತ್ತಾದ ದಿನ, ಅದು ಗುರುತು ಹಾಕಿದ್ದವರಿಗೆಲ್ಲ ಹೇಳಿಕಳಿಸಿದಿರಾ? ಅಥವಾ ಹೊಸದಕ್ಕೆ ಕಾಣದಿರುವುದು ಹಳೆಯದಕ್ಕೆ ಕಂಡಿತ್ತು ಎಂದಿದ್ದರೆ, ಅವರನ್ನು ಕರೆಸಿ ನೋಡಿದಿರಾ? ಎರಡೂ ಇಲ್ಲ. ರಾತ್ರೋರಾತ್ರಿ ಅಂಗಡಿ ಬದಲಾದ ಹಾಗೆ ಬೋರ್ಡು ಬದಲಾಯಿಸಿದಿರಿ, ಹಳೇ ಗಿರಾಕಿಯ ಬಟ್ಟೆ ಏನಾಯಿತೆಂದು ಕೇಳಬಾರದು.

ಎರಡನೇ ಚಿತ್ರದ ನಂತರ ಅವರು ಸುತ್ತಿನ ಸುದ್ದಿ ಎತ್ತುವುದನ್ನೇ ನಿಲ್ಲಿಸಿದರು. ಮರೆತರು ಎಂದುಕೊಂಡೆ. ಒಂದು ಬೆಳಿಗ್ಗೆ ಬಟ್ಟೆ ಒಗೆಯುವಾಗ ಅವರ ಬನಿಯನ್ನು ತಿರುವಿ ಹಾಕಿದೆ. ಒಳಗಡೆ, ಬಲಪಕ್ಕೆಗೆ ತಾಗುವ ಜಾಗದಲ್ಲಿ, ಚಾಕ್‌ಪೀಸಿನ ಸುತ್ತು. ಅಚ್ಚುಕಟ್ಟಾದ ಸುತ್ತು, ಅವರದೇ ಕೈ. ಯಾರೂ ಉಳಿಸಿಕೊಳ್ಳದ ಗುರುತನ್ನು ಅವರು ತಮ್ಮ ಮೈಮೇಲೆ ಉಳಿಸಿಕೊಂಡಿದ್ದರು. ಒಗೆದರೆ ಹೋಗುತ್ತದೆ, ಮಾರನೆಯ ದಿನದ ಬನಿಯನ್ನಿನಲ್ಲಿ ಮತ್ತೆ ಇರುತ್ತದೆ. ನಾನು ಕೇಳಿಲ್ಲ, ಅವರು ಹೇಳಿಲ್ಲ. ನಮ್ಮ ಕಟ್ಟಳೆಯ ಪ್ರಕಾರ ನಾನು ಅದನ್ನು ಅಳಿಸುವಂತಿಲ್ಲ, ಆದರೆ ಬಟ್ಟೆ ಒಗೆಯದೆ ಇಡಲಾಗುತ್ತದೆಯೇ? ದಿನಾ ಸೋಪು ಹಚ್ಚಿ ಉಜ್ಜುತ್ತೇನೆ, ದಿನಾ ಅಪರಾಧ ಮಾಡಿದ ಹಾಗಾಗುತ್ತದೆ. ಈಗೀಗ ನನಗೂ ಅದು ಅಂಟಿಕೊಂಡಿದೆ. ಮೇಜಿನ ಮೇಲೆ ಟೀ ಲೋಟ ಎತ್ತಿದಾಗ ಉಳಿಯುವ ಒದ್ದೆ ಬಳೆಯನ್ನು ಕಂಡರೆ ತಕ್ಷಣ ಸೆರಗಿನಿಂದ ಒರೆಸುತ್ತೇನೆ. ಭಯವಾಗುತ್ತದೆ ಅಧೀಕ್ಷಕರೇ. ಕಾಯಿಲೆಗೆ ಹೆಸರಿದೆ, ಅದಕ್ಕೊಂದು ವಾರ್ಡಿದೆ, ಮಾತ್ರೆಯಿದೆ. ಇದಕ್ಕೆ ಏನೂ ಇಲ್ಲ.

ಇಂಥ ಮನೆಯಲ್ಲಿ ನಾನು ನನ್ನ ಗಂಟಿನ ವಿಷಯ ಹೇಗೆ ಹೇಳಲಿ? ವೈದ್ಯೆಯ ಚೀಟಿಯನ್ನು ಗುಂಡಿಗಳ ಡಬ್ಬದ ಕೆಳಗಿಟ್ಟು, ಇವತ್ತು ನಾಳೆ ಎಂದು ದಿನ ತಳ್ಳಿದೆ. ಚಿತ್ರದಲ್ಲಿ ಏನು ಬಂದರೂ ನಾನು ತಡೆದುಕೊಂಡೇನು. ಮನೆಗೆ ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ 'ಯಾರು ನೋಡಿದರು' ಎಂಬುದು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದು ಕಾಯಿಲೆಯ ಗಂಟಿರಬಹುದು, ಅಲ್ಲದಿರಬಹುದು. ನಮ್ಮ ಮನೆಯಲ್ಲಿ ಎರಡು ಸುತ್ತುಗಳಿಗೆ ಜಾಗವಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಇಬ್ಬರೇ ಇದ್ದೆವು. ಶಾಲೆಯ ಸಮವಸ್ತ್ರದ ರಾಶಿ ಮುಂದಿತ್ತು. ಬಾಯಿಗೆ ಬಂದೇಬಿಟ್ಟಿತು, ಹೇಳಿದೆ.

ಅವರು ಕತ್ತರಿ ಕೆಳಗಿಟ್ಟರು. "ಯಾವಾಗಿಂದ?"

"ತಿಂಗಳಾಯ್ತು ರೀ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮದೇ ನಿಮಗೆ ಹಾಸಿ ಹೊದೆಯೋಷ್ಟಿದೆ."

ಅವರು ಎದ್ದು ಚಪ್ಪಲಿ ಮೆಟ್ಟಿದರು. "ನಡಿ."

"ಈಗ ಎಲ್ಲಿಗೆ ರೀ? ಆ ಚಿತ್ರ ಗುರುವಾರ ಮಾತ್ರ ತೆಗೆಯೋದು."

ಅವರು ಚಪ್ಪಲಿ ಹಾಕಿಕೊಂಡೇ ಮತ್ತೆ ಕೂತರು. ಒಂದು ವರ್ಷದಲ್ಲಿ ಮೊದಲ ಸಲ ಅವರ ಎಡಗೈ ಪಕ್ಕೆಯ ಮೇಲಿರಲಿಲ್ಲ, ನನ್ನ ಭುಜದ ಮೇಲಿತ್ತು.

"ಗುರುವಾರ ನಾನೂ ಬರ್ತೀನಿ. ಹೊರಗೆ ಕೂರಲ್ಲ, ಒಳಗೇ ಬರ್ತೀನಿ. ನೀನು ಪರದೆ ಕಡೆ ತಿರುಗಬೇಡ, ಗೋಡೆ ನೋಡ್ಕೊಂಡು ಬಟ್ಟೆ ಹಾಕ್ಕೋ. ಪರದೆ ನಾನು ನೋಡ್ತೀನಿ."

"ಅದರಲ್ಲಿ ನಿಮಗೇನು ತಿಳಿಯುತ್ತೆ ರೀ?"

"ಏನೂ ತಿಳಿಯಲ್ಲ. ಸುತ್ತು ಬಿದ್ರೆ ಬಿತ್ತು ಅಂತೀನಿ, ಬೀಳದಿದ್ರೆ ಇಲ್ಲ ಅಂತೀನಿ. ನಿಂಗೆ ಯಾರಾದ್ರೂ ಒಬ್ರು ಹೇಳಬೇಕಲ್ಲ."

ನಾನು ಅತ್ತೆ. ಇಲ್ಲಿ ಬರೆಯಲು ನಾಚಿಕೆಯೇನಿಲ್ಲ, ಸಮವಸ್ತ್ರದ ಕಾಲರಿಗೆ ಮುಖ ಒರೆಸಿಕೊಂಡು ಅತ್ತೆ.

ಆದ್ದರಿಂದ ಮಾನ್ಯರೇ, ಗುರುವಾರ ಬೆಳಿಗ್ಗೆ ನಾವಿಬ್ಬರೂ ಬರುತ್ತಿದ್ದೇವೆ. ನಿಮ್ಮ ಚಿತ್ರದ ಕೋಣೆಯ ಬಾಗಿಲಿನ ಮೇಲೆ 'ಜೊತೆಗಾರರಿಗೆ ಪ್ರವೇಶವಿಲ್ಲ' ಎಂಬ ಫಲಕವಿದೆ. ವಿಕಿರಣದ ಕಾರಣವಿರಬಹುದು, ಗೌರವಿಸುತ್ತೇನೆ. ನನ್ನ ಬೇಡಿಕೆ ಇಷ್ಟೇ. ಆ ಪರದೆಯ ಮುಂದೆ ಚಿತ್ರ ಓದಲು ಬರುವ ಒಬ್ಬ ವೈದ್ಯರು, ಗಂಡಸೋ ಹೆಂಗಸೋ, ಮುಖವಿರುವ ಒಬ್ಬರು ಕೂತಿರಲಿ. ಯಂತ್ರ ಏನು ಹೇಳಿತು, ತಾವು ಏನು ಹೇಳುತ್ತಾರೆ, ಎರಡೂ ಬೇರೆಯಾದರೆ ಏಕೆ ಬೇರೆ, ಇದನ್ನು ನನಗೆ ಅರ್ಥವಾಗುವ ಮಾತಿನಲ್ಲಿ ಹೇಳಲಿ. ಅದಾದ ಮೇಲೆ ನನ್ನ ಗಂಡನ ಎರಡೂ ಚಿತ್ರಗಳನ್ನು ತೆಗೆದು, ಆ ಬಲಪಕ್ಕೆಯ ಜಾಗದ ಮೇಲೆ ಬೆರಳಿಟ್ಟು, ಇಲ್ಲಿ ಇಂಥದ್ದಿದೆ ಎಂದೋ ಇಲ್ಲಿ ಏನೂ ಇಲ್ಲ, ನೋಡಿದ್ದು ನಾನು ಎಂದೋ ಹೇಳಲಿ. ತಪ್ಪಾದರೂ ಪರವಾಗಿಲ್ಲ. ಮನುಷ್ಯರು ತಪ್ಪು ಮಾಡುತ್ತಾರೆ, ಅದನ್ನು ತಿಳಿಯದ ಮಕ್ಕಳೇನೂ ಅಲ್ಲ ನಾವು. ನಮ್ಮಂಥ ಇನ್ನೆಷ್ಟು ಮನೆಗಳಲ್ಲಿ ಇಂಥ ಸುತ್ತುಗಳು ಅಡ್ಡಾಡುತ್ತಿವೆಯೋ, ಅವರಿಗೂ ಇದೇ ಆಗಲಿ.

ಸಿಬ್ಬಂದಿಯ ಕೊರತೆಯಿದೆ, ಅಷ್ಟು ಹೊತ್ತು ಯಾರನ್ನೂ ಕೂರಿಸಲಾಗದು ಎನ್ನುವುದಾದರೆ, ಅದನ್ನಾದರೂ ಬರೆದು ತಿಳಿಸಿ. ಆಗ ಆ ಫಲಕವನ್ನು ಒಂದು ಗಳಿಗೆ ತೆಗೆದು, ಪರದೆಯ ಮುಂದೆ ಒಂದು ಸ್ಟೂಲು ಹಾಕಿಸಿ. ನನ್ನ ಗಂಡ ಕೂರುತ್ತಾರೆ. ಅವರಿಗೆ ಚಿತ್ರ ಓದಲು ಬರುವುದಿಲ್ಲ. ಆದರೆ ನಾನು ಬಟ್ಟೆ ತೊಟ್ಟು ಹೊರಗೆ ಬಂದಾಗ, ನನ್ನ ಮುಖ ನೋಡಿ ಮಾತಾಡುತ್ತಾರೆ.

ಇಂತಿ,
ನಿಮ್ಮ ಕಡತದಲ್ಲಿ 'ದೋಷ ಕಂಡುಬಂದಿಲ್ಲ' ಎಂದಿರುವ ಒಬ್ಬರ ಹೆಂಡತಿ,
ಗುರುವಾರದ ಸರದಿಯವಳು